ಪುಡಿ ತಾತನಿಗೆ ನಾನು ಕೊಟ್ಟ ಸ್ಟಾಪು

ಆಪರೇಷನ್ ಆಗಿ ಒಂದೂವರೆ ವರ್ಷವಾಯಿತು. ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ಆದದ್ದು ಆಯಿತು, ಮರೆತುಬಿಡು, ದೇವರು ಕಾಪಾಡಿದ. ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ. ಸೊಂಟದ ಕೀಲೋ ಮೊಣಕಾಲೋ ಬದಲಿಸಿಕೊಳ್ಳಲು ಹೊರಟವರು ಧೈರ್ಯದ ಮಾತು ಹುಡುಕಿಕೊಂಡು ಇದನ್ನು ಓದುತ್ತಿದ್ದರೆ, ಅದೂ ಅಲ್ಲಲ್ಲಿ ಸಿಗುತ್ತದೆ. ಆದರೆ ನನಗೆ ಎರಡನೇ ಸಲ ನಡೆಯಲು ಕಲಿಸಿದ್ದು ಧೈರ್ಯವಲ್ಲ, ಸಿಟ್ಟು. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ನನ್ನ ಹೆಸರು ಸುಭದ್ರಾ, ಊರು ದೇವದುರ್ಗ. ಸರ್ಕಾರಿ ಬಸ್ಸಿನಲ್ಲಿ ಹದಿನೇಳು ವರ್ಷ ಕಂಡಕ್ಟರ್ ಆಗಿದ್ದೆ. ಹೆಚ್ಚಿನ ಕಾಲ ರಾಯಚೂರು–ದೇವದುರ್ಗ ರೂಟು. ಕೂತು ಮಾಡುವ ಕೆಲಸವಲ್ಲ ಇದು. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನುಸುಳಬೇಕು. ನಮ್ಮ ರಸ್ತೆಯ ಗುಂಡಿಗಳನ್ನೆಲ್ಲ ಮೊಣಕಾಲೇ ಲೆಕ್ಕ ಇಟ್ಟುಕೊಳ್ಳುತ್ತದೆ. ನಲವತ್ತಮೂರಕ್ಕೇ ನನ್ನ ಎರಡೂ ಮೊಣಕಾಲು ಹಿಡಿದುಕೊಂಡವು. ಬೆಳಿಗ್ಗೆ ಎದ್ದರೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗುತ್ತಿರಲಿಲ್ಲ.

ನಮ್ಮ ರೂಟಿನಲ್ಲೇ ಒಂದು ಹೊಲದ ಬದಿಯಲ್ಲಿ ಪುಡಿ ತಾತ ಇದ್ದ. ಊರಿನ ಹೆಸರು ಹೇಳುವುದಿಲ್ಲ, ಊರಿನವರೇನೂ ತಪ್ಪು ಮಾಡಿಲ್ಲ. ಒಂದು ಬೇವಿನ ಮರ, ಅದರ ಪಕ್ಕ ತಗಡಿನ ಶೆಡ್ಡು. ಬಿಳಿ ರುಮಾಲು, ಹಣೆಗೆ ವಿಭೂತಿ, ತಣ್ಣಗಿನ ದನಿ. ಹಳೇ ಪೇಪರಿನಲ್ಲಿ ಮಡಿಸಿದ ಕಂದು ಪುಡಿ ಕೊಡುತ್ತಿದ್ದ. ಬಿಸಿ ಹಾಲಿನಲ್ಲಿ ಎರಡು ಹೊತ್ತು ತಗೋಬೇಕು, ಬದನೆಕಾಯಿ ತಿನ್ನಬಾರದು, ಇಷ್ಟೇ ಪಥ್ಯ. ನಾನು ಪರ್ಸು ತೆಗೆದಾಗ ಅವನು ಎರಡೂ ಕೈ ಅಡ್ಡ ಹಿಡಿದ.

"ರೊಕ್ಕ ಮುಟ್ಟಂಗಿಲ್ಲ ಯವ್ವಾ. ನಿಂಗ ಗುಣ ಆದ್ರ ಇನ್ನಿಬ್ಬರಿಗೆ ಹೇಳು, ಅಷ್ಟ ಸಾಕು. ಹೇಳದಿದ್ರ ಔಷಧ ಮೈಗೆ ಹತ್ತಂಗಿಲ್ಲ."

ಮೂರನೇ ದಿನಕ್ಕೆ ನನ್ನ ನೋವು ಮಾಯ. ಸುಳ್ಳು ಹೇಳುವುದಿಲ್ಲ, ಪೂರ್ತಿ ಮಾಯ. ಬಸ್ಸಿನಿಂದ ಹುಡುಗಿಯ ಹಾಗೆ ಜಿಗಿದು ಇಳಿದೆ. ಇಬ್ಬರಿಗೆ ಹೇಳು ಎಂದಿದ್ದ ತಾತ. ಕಂಡಕ್ಟರಿಗೆ ಈ ಮಾತು ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹತ್ತಿರ ದಿನಕ್ಕೆ ಆರು ಬಸ್ಸಿನಷ್ಟು ಜನ ಇದ್ದರು.

ಆ ಬೇವಿನ ಮರದ ಹತ್ತಿರ ಸ್ಟಾಪು ಇರಲಿಲ್ಲ. ಮುಂದಿನ ಊರಲ್ಲಿ ಇಳಿದು ಜನ ಬಿಸಿಲಲ್ಲಿ ವಾಪಸು ನಡೆಯಬೇಕಿತ್ತು. ಕಾಲುನೋವಿನವರು ಅಷ್ಟು ದೂರ ನಡೆಯುವುದು ನೋಡಿ ನನಗೆ ತಡೆಯಲಿಲ್ಲ. ಡ್ರೈವರಣ್ಣನಿಗೆ ಹೇಳಿದೆ, ಮರ ಬಂದ ಕೂಡಲೇ ಒಂದು ಸೀಟಿ ಊದಿದೆ, ಬಸ್ಸು ನಿಂತಿತು. "ಪುಡಿ ತಾತ! ಪುಡಿ ತಾತನ ಹಂತೇಕ ಹೋಗೋರು ಇಳಕೊಳ್ರಿ!" ನನ್ನ ಗಂಟಲು ಸಣ್ಣದಲ್ಲ. ಆರು ತಿಂಗಳಲ್ಲಿ ಬೇರೆ ಬಸ್ಸುಗಳೂ ನಿಲ್ಲತೊಡಗಿದವು. ಹೆಂಗಸರಿಗೆ ಸೊನ್ನೆ ಟಿಕೆಟ್ ಬಂದ ಮೇಲಂತೂ ಆಧಾರ್ ಕಾರ್ಡು ಹಿಡಿದುಕೊಂಡು ಮೊಣಕಾಲಿನವರು, ಬೆನ್ನಿನವರು ಗುಂಪುಗುಂಪಾಗಿ ಬಂದರು. ಮರದ ಕೆಳಗೆ ಒಂದು ಚಹಾದ ಅಂಗಡಿಯೂ ಎದ್ದಿತು. ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಸ್ಟಾಪು ಅದು. ಕೊಟ್ಟವಳು ನಾನು.

ಖೈರುನ್ಬೀಯನ್ನೂ ಅಲ್ಲೇ ಇಳಿಸಿದೆ. ಅವಳು ಮಾನ್ವಿಯವಳು, ಬಳೆ ಮಾರುವವಳು, ನನಗಿಂತ ಎರಡು ವರ್ಷ ದೊಡ್ಡವಳು. ರಾಯಚೂರಲ್ಲಿ ಬಳೆ ತುಂಬಿಕೊಂಡು ವಾರವಾರ ನನ್ನ ಬಸ್ಸಿನಲ್ಲೇ ದೇವದುರ್ಗದ ಸಂತೆಗೆ ಬರುತ್ತಿದ್ದಳು. ಬುಟ್ಟಿ ಇಡಲು ಡ್ರೈವರಿನ ಹಿಂದೆ ಜಾಗ ಮಾಡಿಕೊಡುತ್ತಿದ್ದೆ. ಅವಳು ನನ್ನ ಕೈ ನೋಡಿ ಅಳತೆ ಕೇಳದೆ ಬಳೆ ತೊಡಿಸುತ್ತಿದ್ದಳು. ಅವಳಿಗೂ ಮೊಣಕಾಲು ನೋವು.

"ನಂಗ ಈ ಪುಡಿಗಿಡಿ ಬ್ಯಾಡ ಅಕ್ಕಾ. ದವಾಖಾನಿ ಗುಳಿಗಿ ಸಾಕು ನಂಗ" ಎಂದಳು. ಮಾನ್ವಿ ಕಡೆಯವರು ಸಣ್ಣವರಿಗೂ ಅಕ್ಕಾ ಎನ್ನುತ್ತಾರೆ, ಗೌರವಕ್ಕೆ.

"ನನ್ನ ಕಾಲು ನೋಡಬೇ. ಸುಳ್ಳ ಹೇಳತೀನೇನು ನಾ?" ಎಂದು ನಾನೇ ಅವಳ ಬುಟ್ಟಿ ಹಿಡಿದುಕೊಂಡೆ. ಅವಳು ಹೋಗಿ ಪುಡಿ ತರುವ ತನಕ ಬಸ್ಸು ನಿಲ್ಲಿಸಿದೆ. ಜನ ಬೈದರು. ಬೈಯಲಿ ಎಂದುಕೊಂಡೆ.

ಎರಡು ವರ್ಷ ಪುಡಿ ತಿಂದೆ. ನನ್ನ ಮುಖ ದುಂಡಗಾಯಿತು, ಕೆನ್ನೆ ಉಬ್ಬಿತು, ಕತ್ತಿನ ಹಿಂದೆ ಮಾಂಸ ಬಂತು. ಬೀಗರ ಮನೆಯ ಮದುವೆಯಲ್ಲಿ ಅತ್ತೆ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದರು: "ನೋಡ್ರಿ ನಮ್ಮ ಸೊಸಿ, ಹೆಂಗ ಮೈಕೈ ತುಂಬ್ಕೊಂಡಾಳ!" ನಾನೂ ಕನ್ನಡಿ ಮುಂದೆ ನಿಂತು ಹಿಗ್ಗಿದ್ದೇ ಹಿಗ್ಗಿದ್ದು. ವಿಷ ಏರಿದ್ದನ್ನು ನಾವೆಲ್ಲ ಕಳೆ ಬಂತು ಎಂದುಕೊಂಡಿದ್ದೆವು.

ಆಮೇಲೆ ಎಡ ತೊಡೆಯ ಸಂದಿಯಲ್ಲಿ ಒಂದು ಹೊಸ ನೋವು ಶುರುವಾಯಿತು. ತಾತ ಪುಡಿ ಹೆಚ್ಚಿಸಿದ. ಒಂದು ಬೆಳಿಗ್ಗೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಜನ ಹತ್ತಿ ಆಗಿತ್ತು, ನಾನು ಹತ್ತಬೇಕಿತ್ತು. ಎಡಗಾಲು ಮೇಲೇಳಲೇ ಇಲ್ಲ. ಖಾಕಿ ಪೈಜಾಮದ ಬಟ್ಟೆ ಹಿಡಿದು ಕಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟೆ. ಅದರ ಮೇಲೆ ಭಾರ ಹಾಕಿದ ಕ್ಷಣ ಕೂಗಿಕೊಂಡು ಕೆಳಗೆ ಬಿದ್ದೆ. ಟಿಕೆಟ್ ಮಷೀನು ದೂರ ಹಾರಿತು. ನನ್ನನ್ನು ಎತ್ತಿದವರಲ್ಲಿ ಒಬ್ಬಾಕೆ, ನಾನೇ ಎಷ್ಟೋ ಸಲ ಮರದ ಹತ್ತಿರ ಇಳಿಸಿದವಳು, ಕಿವಿಯಲ್ಲಿ ಹೇಳಿದಳು: "ಪುಡಿ ತಾತನ ಹಂತೇಕ ಹೋಗ್ರಿ ಅಕ್ಕಾ."

ರಾಯಚೂರಿನ ಆಸ್ಪತ್ರೆಯ ಎಲುಬಿನ ವಿಭಾಗದಲ್ಲಿ ಕಾಯುವುದೇ ಒಂದು ಶಿಕ್ಷೆ. ಕೂತವರಿಗೆ ಏಳಲು ಬರುವುದಿಲ್ಲ, ನಿಂತವರಿಗೆ ಕೂರಲು ಬರುವುದಿಲ್ಲ. ಎಲ್ಲರ ಕೈಯಲ್ಲೂ ಎಕ್ಸ್‌ರೇ ಕವರು. ನಾನು ಅಭ್ಯಾಸಬಲದಿಂದ ಕೂತವರೆಷ್ಟು, ನಿಂತವರೆಷ್ಟು ಎಂದು ಎಣಿಸುತ್ತಾ ಹೋದೆ. ನಾಲ್ಕೈದು ದುಂಡು ಮುಖ ಕಂಡವು. ಎಲ್ಲೋ ನೋಡಿದ ಮುಖಗಳು ಅನ್ನಿಸಿತು. ಅವರೂ ನನ್ನನ್ನು ನೋಡಿ ನಕ್ಕರು. ನನ್ನ ಪ್ಯಾಸೆಂಜರುಗಳು.

ಡಾಕ್ಟರ್ ನನ್ನ ಮುಖ ನೋಡಿದ ಮೇಲೆ ಎಕ್ಸ್‌ರೇ ನೋಡಿದರು. "ಏನರ ಪುಡಿ ತಗೋತೀರೇನ್ರಿ?"

"ಹೌದ್ರಿ. ಗಿಡಮೂಲಿಕಿದು. ಅದರಿಂದ ಏನೂ ಆಗಂಗಿಲ್ರಿ."

ಅವರು ಮೇಜಿನ ಡ್ರಾಯರ್ ಎಳೆದರು. ಅದರ ತುಂಬ ಹಳೇ ಪೇಪರಿನ ಪೊಟ್ಟಣಗಳು, ನನ್ನ ಚೀಲದಲ್ಲಿದ್ದಂಥವೇ. "ಟೆಸ್ಟಿಗೆ ಕಳಿಸಿದ್ವಿ. ಸ್ಟೀರಾಯ್ಡ್ ಗುಳಿಗಿ ಅರದು ಹಾಕ್ಯಾರ. ನೋವು ಹೋಗತದ ಖರೆ, ಜೊತಿಗೆ ಎಲುಬಿನ ರಕ್ತಾನೂ ಹೋಗತದ" ಎಂದರು. ತೊಡೆಯ ಎಲುಬಿನ ತುದಿಯ ಗುಂಡು ನಿಂಬೆಹಣ್ಣಿನ ಹಾಗೆ ಇರಬೇಕಂತೆ. ನನ್ನದು ಒಂದು ಕಡೆ ಕುಸಿದ ಹಸಿ ಉಂಡೆಯ ಹಾಗಿತ್ತು. ನೋವು ಇದ್ದದ್ದು ಮೊಣಕಾಲಿಗೆ, ಹೋದದ್ದು ಸೊಂಟದ ಕೀಲು. ಬದಲಿಸದೆ ಬೇರೆ ದಾರಿಯಿಲ್ಲ ಎಂದರು.

ನಾನು ಪೊಟ್ಟಣ ತೆಗೆದು ಕಸದ ಬುಟ್ಟಿಗೆ ಎಸೆಯಲು ಹೋದೆ. ಡಾಕ್ಟರ್ ಕೈ ಹಿಡಿದರು. "ತಡೀರಿ! ಇಷ್ಟು ವರ್ಷ ತಿಂದು ಒಮ್ಮಿಗೇ ನಿಲ್ಲಿಸಿದ್ರ ಬಿಪಿ ಬಿದ್ದು ಜೀವಕ್ಕ ಬರತದ. ನಾ ಬರದು ಕೊಡೋ ಗುಳಿಗಿ ಶುರು ಮಾಡ್ರಿ, ಅದನ್ನ ಸಾವಕಾಶ ಇಳಿಸೋಣು." ಅವಮಾನ ಅಂದರೆ ಅದು. ನನ್ನ ಮೈ ಅವನ ಪುಡಿಗೆ ಅಡಿಯಾಳಾಗಿತ್ತು.

ನನ್ನ ಗಂಡ ಮಲ್ಲಿಕಾರ್ಜುನ ದೇವದುರ್ಗದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ವಿಷಯ ಕೇಳಿ ಸ್ಪ್ಯಾನರ್ ಹಿಡಿದುಕೊಂಡೇ ಗಾಡಿ ಹತ್ತಿದ. "ಇವತ್ತ ಆ ಮುದುಕನ ಕಾಲು ಮುರದು ಬರತೀನಿ." ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ದೇವರಂಥ ಮನಷ್ಯಾನ ಮ್ಯಾಲ ಕೈ ಮಾಡಬ್ಯಾಡ. ಒಂದು ರೂಪಾಯಿ ಮುಟ್ಟಿದಾತ ಅಲ್ಲ." ನಾನು ಮಂಚದ ಮೇಲಿಂದಲೇ ಗಂಡನಿಗೆ ಹೇಳಿದೆ: "ನೀವು ಹೋಗಬ್ಯಾಡ್ರಿ. ಅವ ನನ್ನ ಪಾಲು. ರಸ್ತೆದಿಂದ ಅವನ ಶೆಡ್ಡಿನ ತನಕ ನಾನ ನಡಕೊಂಡು ಹೋಗತೀನಿ, ನನ್ನ ಕಾಲಿಲೆ."

ಆಪರೇಷನ್ ಬಗ್ಗೆ ಹೆದರಿದವರಿಗೆ ಹೇಳುತ್ತೇನೆ, ಬೆನ್ನಿಗೆ ಕೊಡುವ ಸೂಜಿ ಚುಚ್ಚಿದ್ದು ಇರುವೆ ಕಡಿದಷ್ಟು. ಆಮೇಲೆ ಸೊಂಟದ ಕೆಳಗೆ ನನ್ನದು ಅನ್ನುವುದು ಏನೂ ಉಳಿಯಲಿಲ್ಲ. ನೋವಿಲ್ಲ, ಆದರೆ ಕಿವಿ ಕೇಳುತ್ತದೆ. ಪರದೆಯ ಆಚೆ ಗರಗಸ, ಸುತ್ತಿಗೆ. ನನ್ನ ತಲೆಯ ಹತ್ತಿರ ಕೂತ ಸಿಸ್ಟರ್‌ಗೆ ಕೇಳಿದೆ: "ಏನ ಸಪ್ಪಳ ರೀ ಅದು?"

"ಬಡಗ್ಯಾರ ಕೆಲಸ ನಡದದ ಅಕ್ಕಾ. ನೀವು ನನ್ನ ಕೂಡ ಮಾತಾಡ್ರಿ" ಎಂದು ಆಕೆ ನನ್ನ ಕೈ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಗಿಯುವ ತನಕ ಬಿಡಲಿಲ್ಲ. ಆಕೆಯ ಮುಖ ಮಾಸ್ಕಿನ ಹಿಂದಿತ್ತು, ಇವತ್ತು ಎದುರಿಗೆ ಬಂದರೂ ಗುರುತು ಸಿಗಲಿಕ್ಕಿಲ್ಲ. ಇಷ್ಟು ಸಿಟ್ಟಿನ ನಡುವೆಯೂ ಆ ಕೈ ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಮನೆಗೆ ಬಂದ ಮೇಲೆ ನೂರೆಂಟು ನಿಯಮ: ಮಲಗಿದರೆ ಕಾಲ ನಡುವೆ ದಿಂಬು, ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಬಾರದು, ನೆಲದ ಮೇಲಂತೂ ಕೂರಲೇಬಾರದು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು, ಉಣ್ಣುವುದು, ಜಗಳವಾಡುವುದು ಎಲ್ಲ ನೆಲದ ಮೇಲೆ. ಗಂಡ ಕಬ್ಬಿಣದ ಕುರ್ಚಿಯೊಂದಕ್ಕೆ ತೂತು ಕೊರೆದು, ವೆಲ್ಡಿಂಗ್ ಮಾಡಿಸಿ ಪಾಯಖಾನೆಗೆ ಕೂಡಿಸಿದ. ಮೊದಲ ದಿನ ಎಲ್ಲರೂ ಕೆಳಗೆ ಉಣ್ಣಲು ಕೂತಾಗ ನಾನೊಬ್ಬಳೇ ಮೇಲೆ, ಪೊಲೀಸ್ ಸ್ಟೇಷನ್ನಿನಲ್ಲಿ ಕೂತ ಹಾಗೆ. ಹುಟ್ಟಿದಂದಿನಿಂದ ಕುರ್ಚಿಯಲ್ಲಿ ಉಂಡು ಗೊತ್ತಿಲ್ಲದ ಅತ್ತೆ ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಬಂದು ಕೂತರು. ತಾತನ ತಪ್ಪು ಅವರು ಇವತ್ತಿಗೂ ಒಪ್ಪಿಲ್ಲ. ಆದರೆ ಅವತ್ತಿನಿಂದ ಅವರು ಕೆಳಗೆ ಕೂತು ಉಂಡಿಲ್ಲ.

ರಸ್ತೆಯಿಂದ ತಾತನ ಶೆಡ್ಡಿಗೆ ನಲವತ್ತು ಹೆಜ್ಜೆ. ನಮ್ಮ ಪಡಸಾಲೆ ಹತ್ತು ಹೆಜ್ಜೆ. ದಿನಾ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಸಲ ನಡೆದು, ಕೊನೆಯ ಹೆಜ್ಜೆಯಲ್ಲಿ ನಿಂತು ಅವನಿಗೆ ಬೈಯುವುದನ್ನು ಅಭ್ಯಾಸ ಮಾಡುತ್ತಿದ್ದೆ. ಮೊದಲು ವಾಕರ್ ಹಿಡಿದು ಬೈದೆ, ಆಮೇಲೆ ಕೋಲು ಹಿಡಿದು. ಫಿಜಿಯೋಥೆರಪಿಯವರು ಬೆನ್ನು ತಟ್ಟಿದರು, ಇಷ್ಟು ಹಟ ಯಾರಲ್ಲೂ ನೋಡಿಲ್ಲ ಎಂದರು. ಹಟ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ.

ಐದನೇ ತಿಂಗಳು ಕೋಲು ಬಿಟ್ಟೆ. ಆ ವಾರವೇ ಒಬ್ಬಳೇ ಬಸ್ಸು ಹತ್ತಿದೆ. ಮರದ ಹತ್ತಿರ ಬಸ್ಸು ನಿಂತಿತು, ಕಂಡಕ್ಟರ್ ಹುಡುಗಿ "ಪುಡಿ ತಾತ!" ಎಂದು ಕೂಗಿದಳು. ನನ್ನದೇ ರಾಗ. ಇಳಿದು ನಲವತ್ತು ಹೆಜ್ಜೆ ನಡೆದೆ. ಒಂದೂ ತಪ್ಪಲಿಲ್ಲ.

ಶೆಡ್ಡಿನ ಮುಂದೆ ಇಪ್ಪತ್ತು ಜನ ಸಾಲಾಗಿ ಕೂತಿದ್ದರು. ತಾತ ನಕ್ಕ. "ಬಾ ಕಂಡಕ್ಟರಮ್ಮ, ಭಾಳ ದಿನಾ ಆತಲ್ಲ."

ನಾನು ಎಕ್ಸ್‌ರೇ ಅವನ ಮುಖಕ್ಕೆ ಹಿಡಿದೆ. "ನೋಡು. ಸತ್ತ ಎಲುಬು ಕೊಯ್ದು ಕಬ್ಬಿಣ ಹಾಕ್ಯಾರ. ನಿನ್ನ ಪುಡ್ಯಾಗ ಏನದ ಅಂತ ಇವರಿಗೆ ಹೇಳು."

ಅವನ ರೆಪ್ಪೆಯೂ ಅಲುಗಲಿಲ್ಲ. "ಪಥ್ಯ ಕೆಡಿಸೀದಿ ಯವ್ವಾ. ಬದನಿಕಾಯಿ ತಿಂದಿರಬೇಕು ನೀ."

ಸಾಲಿನವರು ನಕ್ಕರು. ಅಷ್ಟು ತಿಂಗಳು ಬಾಯಿಪಾಠ ಮಾಡಿದ ಬೈಗುಳವನ್ನೆಲ್ಲ ಕಾರಿದೆ. ಮುಗಿದಾಗ ಒಬ್ಬ ಮುದುಕ ಮೆಲ್ಲಗೆ ಕೇಳಿದ: "ನಮ್ಮನ್ನ ಇಲ್ಲಿ ಇಳಿಸಿದಾಕಿ ನೀನ ಅಲ್ಲೇನವ್ವ?"

ಅವನ ಕಣ್ಣು ತಪ್ಪಿಸಿದೆ. ತಿರುಗಿ ನೋಡಿದರೆ ಸಾಲಿನ ಕೊನೆಯಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಕೋಲು ಊರಿ ನಿಂತಿದ್ದಳು. ಮುಖ ಚಪಾತಿ ಉಂಡೆಯಷ್ಟು ದುಂಡು. ಕೈ ನೋಡಿದ ಮೇಲೆ ಗುರುತು ಹತ್ತಿತು, ಮುಖದಿಂದ ಅಲ್ಲ. ಖೈರುನ್ಬೀ. ನಾನು ರಜೆಯಲ್ಲಿದ್ದ ಅಷ್ಟೂ ತಿಂಗಳು ಅವಳೂ ಸಂತೆಗೆ ಬಂದಿರಲಿಲ್ಲವಂತೆ. ಬುಟ್ಟಿ ಹೊರಲು ಕಾಲಿಲ್ಲ.

"ಅದನ್ನ ತಿನಬ್ಯಾಡಬೇ!" ಎಂದು ಅವಳ ಕೈಯ ಪೊಟ್ಟಣಕ್ಕೆ ಕೈ ಹಾಕಿದೆ. ಹಾಕಿದವಳೇ ಡಾಕ್ಟರ್ ಮಾತು ನೆನಪಾಗಿ ಕೈ ಹಿಂದೆಗೆದೆ. "ಇಲ್ಲ, ಇಲ್ಲ. ಇಟ್ಕೊ. ಒಮ್ಮಿಗೇ ಬಿಟ್ರ ಜೀವಕ್ಕ ಬರತದ. ಡಾಕ್ಟರ್ ನೋಡೋ ತನಕ ಬಿಡಬ್ಯಾಡ."

ಅವಳು ನನ್ನನ್ನೇ ನೋಡಿದಳು. "ಮೊದಲ ತಿನ್ನು ಅಂದಿ. ಈಗ ತಿನಬ್ಯಾಡ ಅಂತಿ. ಮತ್ತ ಬಿಡಬ್ಯಾಡ ಅಂತಿ. ನಿಂದು ಯಾವ ಮಾತು ಕೇಳಲಿ ನಾ?"

ಸೇಡು ತೀರಿಸಿಕೊಳ್ಳಲು ಬಂದವಳು ಅದೇ ಶೆಡ್ಡಿನ ಮುಂದೆ, ಅದೇ ತಾತನ ಕಣ್ಣೆದುರಿಗೆ, ಅವನ ಪುಡಿಯನ್ನು ನನ್ನ ಕೈಯಾರೆ ಅವಳ ಚೀಲಕ್ಕೆ ಹಾಕಿದೆ. ಅವಳನ್ನು ಮುಂದಿನ ಬಸ್ಸಿಗೆ ಹತ್ತಿಸಿ ಸೀದಾ ರಾಯಚೂರಿಗೆ ಕರೆದೊಯ್ದೆ. ಬಲಗಡೆಯ ಕೀಲು ಹೋಗಿತ್ತು. ಎಕ್ಸ್‌ರೇಗೆ ಕಾಯುತ್ತಾ ನಾನು ತಾತನಿಗೆ ಶಾಪ ಹಾಕುತ್ತಿದ್ದೆ. ಅವಳು ಕೇಳಿ ಕೇಳಿ ಸಾಕಾಗಿ ಹೇಳಿದಳು: "ಆ ಮುದುಕನ ಹೆಸರು ಸುದ್ದಾ ನಂಗ ಗೊತ್ತಿಲ್ಲ. ನಂಗ ಗೊತ್ತಿರೋದು ನಿನ್ನ ಹೆಸರು."

ಎರಡು ತಿಂಗಳ ನಂತರ ಅವಳ ಆಪರೇಷನ್. ಬಳೆ ತೆಗೆಯಬೇಕು ಎಂದರು ಸಿಸ್ಟರ್. ಎಣ್ಣೆ ಇಲ್ಲ, ಸೋಪು ಇಲ್ಲ, ಕೈ ಮಡಚಿ ಒಂದೊಂದಾಗಿ ತಾನೇ ಜಾರಿಸಿದಳು. ಇಪ್ಪತ್ತನಾಲ್ಕು ಹಸಿರು ಗಾಜಿನ ಬಳೆ ನನ್ನ ಬೊಗಸೆಗೆ ಹಾಕಿ, "ಒಂದು ಒಡದ್ರ ನೋಡು" ಎಂದಳು. ಅವಳ ಮಗಳು ಬೆಂಚಿನ ಮೇಲೆ ದುವಾ ಮಾಡುತ್ತಾ ಕೂತಿದ್ದಳು. ನಾನು ಮೂರು ತಾಸು ಬೊಗಸೆ ಬಿಚ್ಚದೆ ನಿಂತೆ. ನನ್ನ ಆಪರೇಷನ್ನಿಗೂ ಅಷ್ಟು ಹೆದರಿರಲಿಲ್ಲ.

ತಾತನನ್ನು ಬಿಟ್ಟೆ ಎಂದುಕೊಳ್ಳಬೇಡಿ. ನಾನು ಬರೆದ ಅರ್ಜಿಗೆ ಆರೋಗ್ಯ ಇಲಾಖೆಯವರು ಬಂದು ಶೆಡ್ಡಿಗೆ ಬೀಗ ಹಾಕಿದರು. ಪುಡಿ ಅರೆದು ಕಳಿಸುತ್ತಿದ್ದವನು ಬೇರೆ ಯಾರೋ ಎಂಬುದು ಆಗಲೇ ಹೊರಬಿತ್ತು. ಅವನು ಮರದ ಆ ಬದಿಗೆ ಚಾಪೆ ಹಾಕಿದ. ಅಷ್ಟರಲ್ಲಿ ನಾನು ಡ್ಯೂಟಿಗೆ ಮರಳಿದ್ದೆ. ಬಸ್ಸಿನಲ್ಲಿ ಓಡಾಡುವುದು ಬೇಡ ಎಂದು ಡಾಕ್ಟರ್ ಬರೆದಿದ್ದರಿಂದ ದೇವದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂರಿಸಿದರು. ನನ್ನ ಕೈಗೆ ಮೈಕು! ಪ್ರತಿ ರಾಯಚೂರು ಬಸ್ಸಿಗೂ ಹೇಳತೊಡಗಿದೆ: "ಪ್ರಯಾಣಿಕರ ಗಮನಕ್ಕೆ. ಪುಡಿ ತಾತನ ಹತ್ತಿರ ಬಸ್ಸು ನಿಲ್ಲುವುದಿಲ್ಲ. ಆ ಪುಡಿ ತಿಂದು ಸೊಂಟ ಕಳಕೊಂಡವಳು ಇಲ್ಲೇ ಕೂತಿದ್ದೇನೆ, ಅನುಮಾನ ಇದ್ದವರು ಬಂದು ನೋಡಬಹುದು." ಮೇಲಿನವರು ಒಮ್ಮೆ ಕರೆದು ಗದರಿಸಿದರು. ಪಟ್ಟಿಯಲ್ಲಿ ಇಲ್ಲದ ಸ್ಟಾಪಿನಲ್ಲಿ ನಿಲ್ಲಬಾರದು ಎಂಬ ನಿಯಮ ಅವರದೇ ಅಲ್ಲವೇ ಎಂದೆ, ಮತ್ತೆ ಕರೆಯಲಿಲ್ಲ. ಅನುಮಾನ ಇದ್ದವರು ಬಂದರು, ನಾನು ಎದ್ದು ನಡೆದು ತೋರಿಸಿದೆ, ಡಾಕ್ಟರ ವಿಳಾಸ ಕೊಟ್ಟೆ. ಡ್ರೈವರುಗಳು ಮರದ ಹತ್ತಿರ ವೇಗ ಹೆಚ್ಚಿಸತೊಡಗಿದರು. ಚಹಾದ ಅಂಗಡಿ ಎದ್ದುಹೋಯಿತು.

ಒಂದು ಮಧ್ಯಾಹ್ನ ತಾತನೇ ಬಂದ. ರುಮಾಲು ಕೈಯಲ್ಲಿತ್ತು. "ಹೊಟ್ಟಿ ಮ್ಯಾಲ ಹೊಡದೆಲ್ಲ ಯವ್ವಾ."

"ರೊಕ್ಕ ಮುಟ್ಟದವಗ ಹೊಟ್ಟಿ ಎಲ್ಲಿಂದ ಬಂತು ತಾತಾ? ಪುಡಿ ಕಳಿಸಿದಾತ ನಿಂಗೇನು ಕೊಡತಿದ್ದ?"

ಅವನು ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಅವನು ನಿಲ್ದಾಣ ದಾಟುವ ತನಕ ನಾನು ಮೂರು ಸಲ ಮೈಕಿನಲ್ಲಿ ಅದೇ ಮಾತು ಹೇಳಿದೆ. ಹೊರಡುವ ಬಸ್ಸು ಒಂದೂ ಇರಲಿಲ್ಲ. ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ, ಒಳ್ಳೆಯ ನಿದ್ದೆ ಬಂತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಈ ಸುದ್ದಿ ಹೊತ್ತು ವಾರದ ರಜೆಗೆ ಮಾನ್ವಿಗೆ ಓಡಿದೆ. ಖೈರುನ್ಬೀ ಮನೆಯ ಓಣಿಯಲ್ಲಿ ವಾಕರ್ ಹಿಡಿದು ನಿಂತಿದ್ದಳು. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡಳು.

"ಅದು ನಿನ್ನ ಸೇಡು. ತೀರಿಸ್ಕೊಂಡಿ, ಛಲೋ ಆತು. ನಂದು ಇನ್ನಾ ಹಂಗ ಅದ."

"ಏನ ಮಾಡಲಿ ಹೇಳು" ಎಂದೆ.

"ಇಲ್ಲಿ ಬಾ." ವಾಕರ್ ಪಕ್ಕಕ್ಕೆ ತಳ್ಳಿ ನನ್ನ ಬಲಭುಜದ ಮೇಲೆ ಕೈಯಿಟ್ಟಳು. ಮೈಯ ಭಾರವನ್ನೆಲ್ಲ ಆ ಕೈಗೆ ಹಾಕಿ, ಒತ್ತಿ, ಉಗುರು ಊರಿ ನಡೆದಳು. ಓಣಿಯ ಈ ತುದಿಯಿಂದ ಆ ತುದಿ. ಮನೆಗೆ ಬಂದು ನೋಡಿಕೊಂಡರೆ ಭುಜ ಕೆಂಪಾಗಿತ್ತು.

ಅಂದಿನಿಂದ ಪ್ರತಿ ವಾರದ ರಜೆಯಲ್ಲೂ ಹೋಗುತ್ತೇನೆ. ಅವಳು ಬಾ ಎನ್ನುವುದಿಲ್ಲ, ಕೂತುಕೋ ಎನ್ನುವುದೂ ಅಪರೂಪ. ಬಂದು ಭುಜ ಹಿಡಿಯುತ್ತಾಳೆ. ಕಳೆದ ತಿಂಗಳು ಡಾಕ್ಟರ್ ಅವಳನ್ನು ನಡೆಸಿ ನೋಡಿ, ಇನ್ನು ಯಾವ ಆಸರೆಯೂ ಬೇಡ, ಸಂತೆಗೂ ಹೋಗಬಹುದು ಎಂದರು. ನಾನು ಪಕ್ಕದಲ್ಲೇ ಇದ್ದೆ. ಹೊರಗೆ ಬಂದು ನಾಲ್ಕು ಹೆಜ್ಜೆ ತಾನಾಗಿಯೇ, ನೆಟ್ಟಗೆ ನಡೆದಳು. ಆಮೇಲೆ ನಿಂತು, ನನಗಾಗಿ ಕಾದು, ಭುಜದ ಮೇಲೆ ಕೈಯಿಟ್ಟು ಪೂರ್ತಿ ಭಾರ ಹಾಕಿದಳು.